ಚಿತ್ರದ ಅಡಿಯ ಪಟ್ಟಿ
(ಗಣಕಯಂತ್ರದ ಚಿತ್ರವೀಕ್ಷಕದಲ್ಲಿ ಸ್ಥಿತಿಪಟ್ಟಿಯನ್ನು ಓದುವ ಬಗೆ)

ಗಣಕಯಂತ್ರದ ಪರದೆಯ ಮೇಲೆ ಛಾಯಾಚಿತ್ರವೊಂದನ್ನು ತೆರೆದಾಗ ನಮ್ಮ ದೃಷ್ಟಿ ಸಹಜವಾಗಿಯೇ ಚಿತ್ರದ ಮೇಲೆ ನೆಲೆಸುತ್ತದೆ. ಆ ಚಿತ್ರದ ಅಡಿಯಲ್ಲಿ, ಕಿಟಕಿಯ ಕೆಳ ಅಂಚಿಗೆ ಹೊಂದಿಕೊಂಡು, ಬೆರಳಿನಷ್ಟೂ ಅಗಲವಿಲ್ಲದ ಪಟ್ಟಿಯೊಂದು ಇರುತ್ತದೆ. ಅದರಲ್ಲಿ ಐದಾರು ಅಂಕಿಗಳು ಸಾಲಾಗಿ ಕುಳಿತಿರುತ್ತವೆ. ಅದಕ್ಕೆ ಸ್ಟೇಟಸ್ ಬಾರ್ ಎಂದು ಹೆಸರು. ಕನ್ನಡದಲ್ಲಿ ಸ್ಥಿತಿಪಟ್ಟಿ ಎನ್ನುವುದು ರೂಢಿಗೆ ಬಂದಿದೆ. ವರ್ಷಗಟ್ಟಲೆ ಗಣಕಯಂತ್ರವನ್ನು ಬಳಸಿದವರೂ ಈ ಪಟ್ಟಿಯನ್ನು ಓದುವುದು ಅಪರೂಪ. ನಾನೂ ಓದುತ್ತಿರಲಿಲ್ಲ. ಈ ಸ್ಮರಣ ಸಂಚಿಕೆಯ ಚಿತ್ರಗಳನ್ನು ಒಂದೆಡೆ ಕಲೆಹಾಕುವ ಕೆಲಸ ನಮ್ಮ ಪಾಲಿಗೆ ಬಂದಾಗ ಅದನ್ನು ಓದಲು ಕಲಿಯಬೇಕಾಯಿತು. ಹಾಗೆ ಕಲಿತದ್ದನ್ನು ವಿದ್ಯಾರ್ಥಿಗಳ ಮತ್ತು ಪಾಲಕರ ಉಪಯೋಗಕ್ಕಾಗಿ ಇಲ್ಲಿ ಬರೆದಿಡಲಾಗಿದೆ.

ಗೋವೆಯ ಕನ್ನಡಿಗರ ಪಾಲಿಗೆ ಹಳೆಯ ಛಾಯಾಚಿತ್ರವೆಂಬುದು ಸಾಮಾನ್ಯ ವಸ್ತುವಲ್ಲ. 1961ರ ಡಿಸೆಂಬರ್ 19ರಂದು ಗೋವೆಯು ವಿಮೋಚನೆಗೊಂಡ ತರುವಾಯ ಮುರಗಾಂವ ಬಂದರು, ಕಬ್ಬಿಣದ ಅದಿರಿನ ಗಣಿಗಳು, ರಸ್ತೆ ಮತ್ತು ಕಟ್ಟಡಗಳ ಕೆಲಸಗಳನ್ನು ನಂಬಿ ವಿಜಾಪುರ, ಬಾಗಲಕೋಟೆ, ಗದಗ, ಧಾರವಾಡ, ಹಾವೇರಿಯ ಕಡೆಗಳಿಂದ ಸಾವಿರಾರು ಕುಟುಂಬಗಳು ಇಲ್ಲಿಗೆ ಬಂದವು. ಬಂದವರಲ್ಲಿ ಬಹುಪಾಲು ಜನ ಬಾಡಿಗೆಯ ಕೋಣೆಗಳಲ್ಲಿ, ತಗಡಿನ ಸೂರುಗಳಲ್ಲಿ ಸಂಸಾರ ಹೂಡಿದರು. ಅಂಥ ಮನೆಗಳಲ್ಲಿ ದಫ್ತರಗಳಿರಲಿಲ್ಲ, ದಿನಚರಿಗಳಿರಲಿಲ್ಲ. ಶಾಲೆಯಲ್ಲಿ ವರ್ಷಕ್ಕೊಮ್ಮೆ ತೆಗೆಸಿದ ಗುಂಪುಚಿತ್ರವೊಂದು ಗೋಡೆಯ ಮೇಲಿದ್ದರೆ ಅದೇ ಆ ಮನೆಯ ಚರಿತ್ರೆ. ಅದಕ್ಕೂ ಇಲ್ಲಿನ ಮಳೆಗಾಲ ಶತ್ರು. ಆಲ್ಬಮ್ಮಿನ ಪುಟಗಳು ಒಂದಕ್ಕೊಂದು ಅಂಟುತ್ತವೆ, ಚೌಕಟ್ಟಿನೊಳಗಿನ ಚಿತ್ರ ಗಾಜಿಗೆ ಕಚ್ಚಿಕೊಳ್ಳುತ್ತದೆ, ಬೂಷ್ಟು ಹಿಡಿಯುತ್ತದೆ. ಮಳೆಯೊಂದೇ ಅಲ್ಲ, 2004ರ ಜೂನ್ ತಿಂಗಳಲ್ಲಿ ವಾಸ್ಕೋದ ಬೈನಾ ಕಡಲತೀರದ ವಸತಿಗಳನ್ನು ಕೆಡವಿದಾಗ ಅಲ್ಲಿದ್ದವರಲ್ಲಿ ಕನ್ನಡ ಮನೆಗಳೂ ಇದ್ದವು. ಅವಸರದಲ್ಲಿ ಮನೆ ಬಿಡುವವರ ಕೈಗೆ ಮೊದಲು ಸಿಗುವುದು ಪಾತ್ರೆ, ಹಾಸಿಗೆ, ರೇಷನ್ ಕಾರ್ಡು. ಗೋಡೆಯ ಮೇಲಿನ ಚಿತ್ರದ ಸರದಿ ಬರುವುದು ಕಡೆಯಲ್ಲಿ. ಆದುದರಿಂದ ಉಳಿದಿರುವ ಚಿತ್ರಗಳನ್ನು ಗಣಕಯಂತ್ರಕ್ಕೆ ಇಳಿಸುವಾಗ ಎರಡನೆಯ ಅವಕಾಶ ದೊರೆಯುತ್ತದೆಂದು ನಂಬಿ ಕೂರಲಾಗದು. ಇಳಿಸಿದ್ದು ಸರಿಯಾಗಿದೆಯೇ ಎಂದು ಅಂದೇ ತಿಳಿಯಬೇಕು, ಮತ್ತು ಅದನ್ನು ತಿಳಿಸುವುದು ಕಣ್ಣಲ್ಲ, ಈ ಪಟ್ಟಿ.

ಚಿತ್ರ ನೋಡುವ ತಂತ್ರಾಂಶಗಳು ಹಲವಾರಿವೆ. ನಾವು ಬಳಸಿದ್ದು ಇರ್ಫಾನ್‌ವ್ಯೂ. ಬಾಸ್ನಿಯಾ ದೇಶದಲ್ಲಿ ಹುಟ್ಟಿ ಆಸ್ಟ್ರಿಯಾದ ವಿಯೆನ್ನಾದಲ್ಲಿ ವ್ಯಾಸಂಗ ಮಾಡಿದ ಇರ್ಫಾನ್ ಶ್ಕಿಲ್ಯಾನ್ ಎಂಬುವರು ಇದನ್ನು ರಚಿಸಿ 1996ರಲ್ಲಿ ಹೊರತಂದರು. ಗಾತ್ರದಲ್ಲಿ ಪುಟ್ಟದು, ಹಳೆಯ ಯಂತ್ರಗಳಲ್ಲಿಯೂ ಓಡುತ್ತದೆ, ಶಾಲೆಗಳಿಗೆ ಬೆಲೆಯಿಲ್ಲದೆ ದೊರೆಯುತ್ತದೆ. ಲಿನಕ್ಸ್ ಬಳಸುವ ಶಾಲೆಗಳಲ್ಲಿ ಐ ಆಫ್ ಗ್ನೋಮ್ ಎಂಬ ವೀಕ್ಷಕದಲ್ಲಿಯೂ ಇದೇ ಬಗೆಯ ಪಟ್ಟಿಯಿದೆ. ಕೇರಳ ಸರಕಾರವು ತನ್ನ ಶಾಲೆಗಳಲ್ಲಿ ಲಿನಕ್ಸನ್ನೇ ನೆಚ್ಚಿಕೊಂಡಿರುವುದರಿಂದ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಆ ಕಡೆಯ ಪರಿಚಯವೇ ಹೆಚ್ಚು. ತಂತ್ರಾಂಶ ಯಾವುದಾದರೂ ಅಂಕಿಗಳ ಅರ್ಥ ಒಂದೇ. ಅವುಗಳ ಸ್ಥಾನ ಮಾತ್ರ ಬದಲಾಗಬಹುದು. ಪಟ್ಟಿಯೇ ಕಾಣದಿದ್ದರೆ ಮೇಲಿನ ವ್ಯೂ ಎಂಬ ಪಟ್ಟಿಕೆಯಲ್ಲಿ ಅದನ್ನು ತೋರಿಸುವ ಆಯ್ಕೆಯಿರುತ್ತದೆ. ಚಿತ್ರವು ಪರದೆಯನ್ನು ಪೂರ್ತಿಯಾಗಿ ಆಕ್ರಮಿಸಿದ್ದರೂ ಪಟ್ಟಿ ಮರೆಯಾಗುತ್ತದೆ. ಆಗ ಎಂಟರ್ ಕೀಲಿಯನ್ನೊತ್ತಿ ಕಿಟಕಿಯ ರೂಪಕ್ಕೆ ಮರಳಬೇಕು.

ಮೂರು ಅಂಕಿಗಳ ಗುಣಾಕಾರ

ಈಗ ಒಂದು ನಿಜವಾದ ಚಿತ್ರವನ್ನೇ ಎತ್ತಿಕೊಳ್ಳೋಣ. ನಾಲ್ಕನೆಯ ಇಯತ್ತೆಯ ಮಕ್ಕಳ ಗುಂಪುಚಿತ್ರವೊಂದನ್ನು ಹಳೆಯ ವಿದ್ಯಾರ್ಥಿನಿಯೊಬ್ಬರು ತಮ್ಮ ಮನೆಯ ಗೋಡೆಯ ಮೇಲಿನ ಚೌಕಟ್ಟಿನಿಂದಲೇ ಮೊಬೈಲಿನಲ್ಲಿ ತೆಗೆದು ವಾಟ್ಸಾಪ್ ಮೂಲಕ ಕಳುಹಿಸಿದ್ದರು. ನಲವತ್ತು ಮಕ್ಕಳು, ನಡುವೆ ಗುರುಗಳು, ಮುಂದಿನ ಸಾಲಿನಲ್ಲಿ ನೆಲದ ಮೇಲೆ ಕುಳಿತ ಮಗುವಿನ ಕೈಯಲ್ಲಿ ಒಂದು ಸ್ಲೇಟು. ತೆರೆದಾಗ ಪರದೆಯ ಮೇಲೆ ಚೆನ್ನಾಗಿಯೇ ಕಂಡಿತು. ಇದನ್ನು ಎದುರುಬದುರಿನ ಎರಡು ಪುಟಗಳಿಗೆ ಹರಡಿ, ಕೆಳಗೆ ಮಕ್ಕಳ ಹೆಸರುಗಳನ್ನು ಸಾಲುಸಾಲಾಗಿ ಕೊಡಬೇಕೆಂದು ಸಮಿತಿ ಉತ್ಸಾಹದಿಂದ ನಿರ್ಧರಿಸಿತು. ಮಾದರಿ ಪ್ರತಿ ಬಂದಾಗ ಮಕ್ಕಳ ಮುಖಗಳ ಜಾಗದಲ್ಲಿ ಬಿಳಿಯ ಮಚ್ಚೆಗಳಿದ್ದವು. ಮುದ್ರಕರನ್ನು ದೂರಲು ಹೊರಟ ನಾವು ಮೊದಲು ಪಟ್ಟಿಯನ್ನು ಓದಿದ್ದರೆ ಆ ಮಾತು ಬಾಯಿಗೇ ಬರುತ್ತಿರಲಿಲ್ಲ. ಪಟ್ಟಿಯಲ್ಲಿದ್ದುದು ಇಷ್ಟು:

1600 × 1200 × 24 ಬಿಪಿಪಿ | 23/164 | 61% | 212 ಕೆಬಿ / 5.49 ಎಂಬಿ | ದಿನಾಂಕ, ಸಮಯ

ಮೊದಲಿನ ಎರಡು ಅಂಕಿಗಳು ಚಿತ್ರದ ಅಗಲ ಮತ್ತು ಎತ್ತರ. ಆದರೆ ಇವು ಅಂಗುಲಗಳಲ್ಲ, ಸೆಂಟಿಮೀಟರುಗಳಲ್ಲ. ಗಣಕಯಂತ್ರದಲ್ಲಿ ಪ್ರತಿಯೊಂದು ಛಾಯಾಚಿತ್ರವೂ ಪಿಕ್ಸೆಲ್ ಎಂಬ ಚಿಕ್ಕ ಚೌಕಗಳಿಂದ ಕೂಡಿದ್ದು. ಕೌದಿಯ ತುಂಡುಗಳಂತೆ ಪ್ರತಿ ಚೌಕಕ್ಕೂ ಒಂದೇ ಬಣ್ಣ. ನಮ್ಮ ಚಿತ್ರದಲ್ಲಿ ಅಡ್ಡಕ್ಕೆ 1600, ಉದ್ದಕ್ಕೆ 1200 ಚೌಕಗಳಿದ್ದವು. ಇಡೀ ಚಿತ್ರದ ಬಂಡವಾಳ ಇಷ್ಟೇ. ಇದನ್ನು ಅಂಚೆಚೀಟಿಯಷ್ಟು ಮುದ್ರಿಸಿದರೂ ಗೋಡೆಯಷ್ಟು ಮುದ್ರಿಸಿದರೂ ಚೌಕಗಳ ಸಂಖ್ಯೆ ಬೆಳೆಯುವುದಿಲ್ಲ, ಚೌಕಗಳು ದೊಡ್ಡವಾಗುತ್ತವೆ ಅಷ್ಟೆ.

ಮುದ್ರಣಕ್ಕೆ ಎಷ್ಟು ಚೌಕಗಳು ಬೇಕು? ಒಳ್ಳೆಯ ಕಾಗದದ ಮೇಲೆ ಆಫ್‌ಸೆಟ್ ಮುದ್ರಣದಲ್ಲಿ ಚಿತ್ರವನ್ನು ಅಂಗುಲಕ್ಕೆ ಸುಮಾರು 150 ಸಾಲುಗಳ ಚುಕ್ಕೆಗಳಾಗಿ ಒಡೆಯುತ್ತಾರೆ. ಅದರ ಇಮ್ಮಡಿ, ಅಂದರೆ ಅಂಗುಲಕ್ಕೆ 300 ಪಿಕ್ಸೆಲ್ ಇರಲಿ ಎಂಬುದು ಮುದ್ರಕರ ಲೆಕ್ಕ. ವೃತ್ತಪತ್ರಿಕೆಯ ಒರಟು ಕಾಗದಕ್ಕೆ ಇದರ ಅರ್ಧದಷ್ಟಿದ್ದರೂ ನಡೆಯುತ್ತದೆ. ಸೀಸದ ಮೊಳೆಗಳ ಕಾಲದಲ್ಲಿ ಛಾಯಾಚಿತ್ರಕ್ಕೆ ಲೋಹದ ಬ್ಲಾಕು ಮಾಡಿಸಬೇಕಾಗಿತ್ತು. ಬ್ಲಾಕಿನ ಖರ್ಚಿಗೆ ಅಂಜಿ ಸ್ಮರಣ ಸಂಚಿಕೆಗಳಲ್ಲಿ ಅಧ್ಯಕ್ಷರ ಚಿತ್ರವೊಂದನ್ನೇ ಹಾಕಿ ಮಕ್ಕಳನ್ನು ಕೈಬಿಡುತ್ತಿದ್ದರು. ಈಗ ಖರ್ಚಿನ ಅಂಜಿಕೆ ಹೋಗಿದೆ, ಎಚ್ಚರವೂ ಅದರೊಡನೆ ಹೋಗಿದೆ.

ಲೆಕ್ಕ ಸುಲಭ. ಪಟ್ಟಿಯ ಮೊದಲ ಅಂಕಿಯನ್ನು 300ರಿಂದ ಭಾಗಿಸಿದರೆ ಚಿತ್ರವನ್ನು ಎಷ್ಟು ಅಂಗುಲ ಅಗಲ ಮುದ್ರಿಸಬಹುದೆಂದು ತಿಳಿಯುತ್ತದೆ. 1600 ಅನ್ನು ಭಾಗಿಸಿದರೆ ಬರುವುದು ಐದು ಅಂಗುಲಕ್ಕಿಂತ ತುಸು ಹೆಚ್ಚು. ನಾವು ಹರಡಲು ಹೊರಟಿದ್ದುದು ಎರಡು ಪುಟಗಳ 14 ಅಂಗುಲಗಳಿಗೆ. ಅಂಗುಲಕ್ಕೆ 114 ಪಿಕ್ಸೆಲ್ ಮಾತ್ರ ದೊರೆತವು.

ಗುಂಪುಚಿತ್ರಗಳಲ್ಲಿ ಇದಕ್ಕಿಂತಲೂ ಮುಖ್ಯವಾದ ಇನ್ನೊಂದು ಲೆಕ್ಕವಿದೆ. ಪ್ರತಿ ಮುಖಕ್ಕೆ ಎಷ್ಟು ಪಿಕ್ಸೆಲ್ ದೊರೆತಿವೆ? ಮೂಲ ಚಿತ್ರದ ಅಗಲ 12 ಅಂಗುಲ, ಎತ್ತರ 10 ಅಂಗುಲ. ಅದರಲ್ಲಿ ಒಂದು ಮಗುವಿನ ಮುಖ ಸುಮಾರು ಕಾಲು ಅಂಗುಲ. ಚೌಕಟ್ಟು ಮತ್ತು ಗೋಡೆಗಳನ್ನು ಕಳೆದರೆ 12 ಅಂಗುಲಕ್ಕೆ ಉಳಿದದ್ದು ಸುಮಾರು 1500 ಪಿಕ್ಸೆಲ್. ಒಂದು ಮುಖಕ್ಕೆ ಮೂವತ್ತರ ಆಸುಪಾಸು, ಆ ಮುಖದೊಳಗಿನ ಒಂದು ಕಣ್ಣಿಗೆ ಐದಾರು. ಐದಾರು ಚೌಕಗಳಲ್ಲಿ ಯಾರ ಕಣ್ಣನ್ನೂ ಗುರುತಿಸಲಾಗದು. ಯಾರ ಮುಖವೆಂದು ತಿಳಿಯದ ಮೇಲೆ ಕೆಳಗೆ ಹೆಸರು ಬರೆಯುವುದಾದರೂ ಹೇಗೆ?

ಮೂರನೆಯ ಅಂಕಿಯಾದ 24 ಬಿಪಿಪಿ ಎಂಬುದು ಒಂದೊಂದು ಪಿಕ್ಸೆಲ್‌ಗೆ ಮೀಸಲಾದ ಬಿಟ್‌ಗಳ ಸಂಖ್ಯೆ. 1 ಎಂದಿದ್ದರೆ ಕಪ್ಪು ಮತ್ತು ಬಿಳಿ ಎರಡೇ. ನಡುವಿನ ಬೂದುಛಾಯೆಗಳಿಗೆ ಎಡೆಯಿಲ್ಲ. 8 ಎಂದಿದ್ದರೆ 256 ಛಾಯೆಗಳು. 24 ಎಂದಿದ್ದರೆ ಕೆಂಪು, ಹಸಿರು, ನೀಲಿಗಳಿಗೆ ತಲಾ 8 ಬಿಟ್ ದೊರೆತು ಒಂದು ಕೋಟಿ 67 ಲಕ್ಷಕ್ಕೂ ಮಿಕ್ಕ ಬಣ್ಣಗಳು ಸಾಧ್ಯವಾಗುತ್ತವೆ. ಕಚೇರಿಯ ಕಾಗದಗಳನ್ನು ಸ್ಕ್ಯಾನ್ ಮಾಡಲು ಹೊಂದಿಸಿಟ್ಟ ಯಂತ್ರದಲ್ಲಿ ಛಾಯಾಚಿತ್ರವನ್ನಿಟ್ಟರೆ ಕೆಲವೊಮ್ಮೆ 1 ಬಿಪಿಪಿಯ ಚಿತ್ರ ಹೊರಬರುತ್ತದೆ. ಮುಖಗಳೆಲ್ಲ ಮಸಿಯಲ್ಲಿ ಅದ್ದಿದಂತಿರುತ್ತವೆ. ಕಪ್ಪುಬಿಳುಪಿನ ಚಿತ್ರಕ್ಕೆ 8 ಸಾಲದೇ ಎಂದು ಕೇಳಬಹುದು. ಹೊಸದಾಗಿದ್ದರೆ ಸಾಕು. ಹಳೆಯ ಚಿತ್ರದಲ್ಲಿ ಹಳದಿ ಕಲೆಗಳಿರುತ್ತವೆ. 24ರಲ್ಲಿ ಇಳಿಸಿಕೊಂಡರೆ, ಹಳದಿ ಕಲೆಯು ನೀಲಿಯ ಪದರದಲ್ಲಿ ಕಪ್ಪಾಗಿ ಕಂಡು, ಕೆಂಪಿನ ಪದರದಲ್ಲಿ ಬಹುಮಟ್ಟಿಗೆ ಅಳಿಸಿಹೋಗುತ್ತದೆ. ಆ ಕೆಂಪಿನ ಪದರವನ್ನೊಂದನ್ನೇ ಬೇರ್ಪಡಿಸಿ ಬಳಸಿದರೆ ಕಲೆ ತೊಳೆದಂತಾಗುತ್ತದೆ. ಮೊದಲೇ 8ಕ್ಕೆ ಇಳಿಸಿದವರಿಗೆ ಈ ಉಪಾಯ ಒದಗುವುದಿಲ್ಲ.

ನೂರಕ್ಕೆ ಅರವತ್ತೊಂದು

ಪರದೆಯ ಮೇಲೆ ಚೆನ್ನಾಗಿ ಕಂಡ ಚಿತ್ರ ಕಾಗದದ ಮೇಲೆ ಕೆಟ್ಟದ್ದೇಕೆ ಎಂಬುದಕ್ಕೆ ಉತ್ತರ 61% ಎಂಬ ಅಂಕಿಯಲ್ಲಿದೆ. ಇದು ಚಿತ್ರವನ್ನು ತೋರಿಸುತ್ತಿರುವ ಪ್ರಮಾಣ. ವೀಕ್ಷಕ ತಂತ್ರಾಂಶವು ಚಿತ್ರವನ್ನು ಕಿಟಕಿಗೆ ಒಪ್ಪುವಂತೆ ತಾನಾಗಿಯೇ ಕುಗ್ಗಿಸುತ್ತದೆ. ಕುಗ್ಗಿದ ಚಿತ್ರ ಯಾವಾಗಲೂ ಚೊಕ್ಕಟವಾಗಿಯೇ ಕಾಣುತ್ತದೆ. ದೂರದಿಂದ ನೋಡಿದ ಬೆಟ್ಟದಂತೆ. 100% ಎಂದಾಗ ಮಾತ್ರ ಚಿತ್ರದ ಒಂದು ಪಿಕ್ಸೆಲ್ ಪರದೆಯ ಒಂದು ಪಿಕ್ಸೆಲ್‌ಗೆ ಸರಿಹೊಂದುತ್ತದೆ. ಅದಕ್ಕಿಂತ ಕೆಳಗೆ ನೋಡಿ ಚಿತ್ರ ಸ್ಪಷ್ಟವಾಗಿದೆಯೆಂದು ತೀರ್ಪು ಕೊಡಬಾರದು. ಅದಕ್ಕಿಂತ ಮೇಲೆ ನೋಡಿ ಮಸುಕಾಗಿದೆಯೆಂದು ಹಳಿಯಲೂಬಾರದು.

ಶಾಸನಗಳ ಚಿತ್ರಗಳಲ್ಲಿ ಇದರ ಪ್ರಯೋಜನ ಹೆಚ್ಚು. ಚಂದ್ರಪುರ, ಗೋಪಕಪಟ್ಟಣಗಳಿಂದ ಆಳಿದ ಗೋವೆಯ ಕದಂಬರ ಶಾಸನಗಳಲ್ಲಿ ಕನ್ನಡವಿದೆ. ಹಳೇ ಗೋವೆಯ ಪುರಾತತ್ತ್ವ ವಸ್ತುಸಂಗ್ರಹಾಲಯಕ್ಕೆ ಪ್ರವಾಸ ಹೋದ ಮಕ್ಕಳು ಅಲ್ಲಿನ ವೀರಗಲ್ಲುಗಳ ಮುಂದೆ ನಿಂತು ಮೊಬೈಲಿನಲ್ಲಿ ಚಿತ್ರ ತೆಗೆಯುವುದುಂಟು. ಕಲ್ಲಿನ ಒಂದು ಸಾಲಿನಲ್ಲಿ ಇಪ್ಪತ್ತೈದು ಅಕ್ಷರಗಳಿದ್ದು, ಚಿತ್ರದ ಅಗಲ 4000 ಪಿಕ್ಸೆಲ್ ಇದ್ದರೆ ಒಂದು ಅಕ್ಷರಕ್ಕೆ 160 ದೊರೆಯುತ್ತವೆ. ಆ ಚಿತ್ರವು 20% ಪ್ರಮಾಣದಲ್ಲಿ ತೆರೆದುಕೊಂಡಾಗ ಅಕ್ಷರಗಳು ಕೋಳಿ ಕೆದರಿದ ಗೀರುಗಳಂತಿರುತ್ತವೆ; ಅಲ್ಲಿಗೇ ನಿರಾಶರಾಗಿ ಅಳಿಸಿಹಾಕುವವರಿದ್ದಾರೆ. 100%ಕ್ಕೆ ತಂದರೆ ಗೀರುಗಳು ಅಕ್ಷರಗಳಾಗುತ್ತವೆ. ಅದೇ ಚಿತ್ರವು ಕೈಯಿಂದ ಕೈಗೆ ದಾಟಿ 400 ಪಿಕ್ಸೆಲ್ ಅಗಲಕ್ಕೆ ಇಳಿದಿದ್ದರೆ ಅಕ್ಷರಕ್ಕೆ 16 ಮಾತ್ರ. ಆಗ ಹಳಗನ್ನಡದ ಮಕಾರ ವಕಾರಗಳನ್ನು ಬೇರ್ಪಡಿಸಲು ಯಾವ ಪ್ರಮಾಣದಲ್ಲಿ ನೋಡಿದರೂ ಸಾಧ್ಯವಾಗದು. ಕದಂಬರ ಶಾಸನಗಳನ್ನು ಪ್ರಕಟಿಸಿದ ಫ್ಲೀಟ್ ಮೊದಲಾದ ವಿದ್ವಾಂಸರ ಕಾಲದಲ್ಲಿ ಶಾಸನ ಓದುವವರಿಗೆ ನೆರವಾಗಿದ್ದುದು ಕಲ್ಲಿನ ಮೇಲೆ ಕಾಗದ ಒತ್ತಿ ತೆಗೆದ ಪಡಿಯಚ್ಚು. ಅದು ಕಲ್ಲಿನಷ್ಟೇ ದೊಡ್ಡದಾಗಿರುತ್ತಿದ್ದುದರಿಂದ ಅವರಿಗೆ ಈ ತೊಡಕಿರಲಿಲ್ಲ.

ಎರಡು ತೂಕಗಳು

ಪಟ್ಟಿಯಲ್ಲಿ ಅತ್ಯಂತ ಉಪಯುಕ್ತವೂ ಅತ್ಯಂತ ಅಲಕ್ಷಿತವೂ ಆದ ಭಾಗವೆಂದರೆ 212 ಕೆಬಿ / 5.49 ಎಂಬಿ ಎಂಬ ಜೋಡಿ ಅಂಕಿ. ಒಂದೇ ಚಿತ್ರಕ್ಕೆ ಎರಡು ತೂಕಗಳೇಕೆ? ಎರಡನೆಯದು ಚಿತ್ರವು ಬಿಚ್ಚಿಕೊಂಡು ಗಣಕಯಂತ್ರದ ಸ್ಮೃತಿಯಲ್ಲಿ ಹಿಡಿಯುವ ಜಾಗ. ಅದನ್ನು ನಾವೇ ಲೆಕ್ಕ ಹಾಕಬಹುದು: 1600ನ್ನು 1200ರಿಂದ ಗುಣಿಸಿ, 24 ಬಿಟ್ ಎಂದರೆ 3 ಬೈಟ್ ಆದುದರಿಂದ ಮತ್ತೆ 3ರಿಂದ ಗುಣಿಸಿದರೆ 57,60,000 ಬೈಟ್. 1024ರಿಂದ ಎರಡು ಬಾರಿ ಭಾಗಿಸಿದರೆ 5.49 ಎಂಬಿ. ಮೊದಲನೆಯ ಅಂಕಿಯು ಡಿಸ್ಕಿನ ಮೇಲೆ ಅದೇ ಚಿತ್ರವು ಮಡಿಸಿಟ್ಟಂತೆ ಹಿಡಿಯುವ ಜಾಗ. ಜೆಪೆಗ್ ಎಂಬ ವಿಧಾನವು ಕಣ್ಣಿಗೆ ಅಷ್ಟಾಗಿ ಗೋಚರಿಸದ ವಿವರಗಳನ್ನು ಬಿಟ್ಟುಕೊಟ್ಟು ಚಿತ್ರವನ್ನು ಹೀಗೆ ಮಡಿಸುತ್ತದೆ. ಮಡಿಸುವುದು ತಪ್ಪಲ್ಲ. ಮಡಿಕೆ ಎಷ್ಟು ಬಿಗಿಯಾಗಿದೆ ಎಂಬುದು ಪ್ರಶ್ನೆ.

ಎರಡನೆಯ ತೂಕವನ್ನು ಮೊದಲನೆಯದರಿಂದ ಭಾಗಿಸಿ ನೋಡಬೇಕು. ಜನರು, ಗಿಡಮರಗಳು ತುಂಬಿದ ಛಾಯಾಚಿತ್ರದಲ್ಲಿ ಇದು ಎಂಟು ಹತ್ತರ ಸುತ್ತ ಇದ್ದರೆ ಚಿತ್ರದ ಆರೋಗ್ಯ ಚೆನ್ನಾಗಿದೆಯೆಂದು ತಿಳಿಯಬಹುದು. ನಮ್ಮ ಗುಂಪುಚಿತ್ರದಲ್ಲಿ ಅದು 26 ದಾಟಿತ್ತು. ವಾಟ್ಸಾಪ್‌ನಂಥ ಸಾಧನಗಳು ಸಾಮಾನ್ಯವಾಗಿ ಚಿತ್ರದ ಪಿಕ್ಸೆಲ್‌ಗಳನ್ನೂ ಕಡಿತಗೊಳಿಸುತ್ತವೆ, ಉಳಿದವನ್ನು ಬಿಗಿಯಾಗಿಯೂ ಮಡಿಸುತ್ತವೆ. ಚಿತ್ರವನ್ನು ಚಿತ್ರವೆಂದು ಕಳುಹಿಸದೆ ಡಾಕ್ಯುಮೆಂಟ್ ಎಂದು ಕಳುಹಿಸಿದರೆ ಎರಡೂ ನಷ್ಟಗಳು ತಪ್ಪುತ್ತವೆ. ಇದನ್ನು ಪಾಲಕರಿಗೆ ಮೊದಲೇ ತಿಳಿಸದಿದ್ದುದು ನಮ್ಮ ತಪ್ಪು.

ತೆರೆದ ಜೆಪೆಗ್ ಚಿತ್ರವನ್ನು ತಿರುಗಿಸಿ, ಸೇವ್ ಮಾಡಿ, ಮತ್ತೆ ತೆರೆದು, ಅಂಚು ಕತ್ತರಿಸಿ, ಮತ್ತೆ ಸೇವ್ ಮಾಡುತ್ತ ಹೋದರೆ ಪ್ರತಿ ಬಾರಿಯೂ ಅದು ಹೊಸದಾಗಿ ಮಡಿಸಲ್ಪಡುತ್ತದೆ. ಪಿಕ್ಸೆಲ್‌ಗಳ ಸಂಖ್ಯೆ ಹಾಗೆಯೇ ಇದ್ದು ಡಿಸ್ಕಿನ ತೂಕ ಮಾತ್ರ 2 ಎಂಬಿಯಿಂದ 600 ಕೆಬಿಗೆ ಇಳಿದಿದ್ದರೆ ಯಾರೋ ಕೈಯಾಡಿಸಿದ್ದಾರೆಂದೇ ಅರ್ಥ. ಹಾನಿಯಿಲ್ಲದೆ ತಿರುಗಿಸುವ ಪ್ರತ್ಯೇಕ ವ್ಯವಸ್ಥೆ ಇರ್ಫಾನ್‌ವ್ಯೂನಲ್ಲಿದೆ. ಇನ್ನೂ ಕೆಲಸ ಮಾಡಬೇಕಾಗಿರುವ ಚಿತ್ರವನ್ನು ಟಿಫ್ ರೂಪದಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಜಾಗ ಹೆಚ್ಚು ಬೇಕು, ನಷ್ಟವಿಲ್ಲ.

ಪಟ್ಟಿಯ ಮೊದಲ ಅಂಕಿಗಳನ್ನು ಕುರುಡಾಗಿ ನಂಬಬಾರದೆಂಬುದನ್ನೂ ಈ ತೂಕಗಳೇ ಕಲಿಸುತ್ತವೆ. ಮುದ್ರಕರು 300 ಡಿಪಿಐ ಇರುವ ಚಿತ್ರ ಕೊಡಿ ಎಂದಾಗ ನಮ್ಮ ಉತ್ಸಾಹಿ ತರುಣರೊಬ್ಬರು 600 × 450 ಪಿಕ್ಸೆಲ್‌ನ ಒಂದು ಚಿತ್ರವನ್ನು ತಂತ್ರಾಂಶದಲ್ಲಿಯೇ 3000 × 2250ಕ್ಕೆ ಹಿಗ್ಗಿಸಿ ತಂದರು. ಪಟ್ಟಿಯಲ್ಲಿ ಅಂಕಿ ಬೆಳೆದಿತ್ತು, ಚಿತ್ರದಲ್ಲಿ ವಿವರ ಬೆಳೆದಿರಲಿಲ್ಲ. ಮಜ್ಜಿಗೆಗೆ ನೀರು ಬೆರೆಸಿದರೆ ಪಾತ್ರೆ ತುಂಬುತ್ತದೆ, ಮಜ್ಜಿಗೆ ಹೆಚ್ಚುವುದಿಲ್ಲ. ಆದರೆ ಅದೇ ಪಟ್ಟಿಯಲ್ಲಿ ಸ್ಮೃತಿಯ ತೂಕ 19.31 ಎಂಬಿ ಇದ್ದು ಡಿಸ್ಕಿನ ತೂಕ 350 ಕೆಬಿ ಮಾತ್ರವಿತ್ತು, ಭಾಗಲಬ್ಧ 56. ಇಷ್ಟು ಬಿಗಿಯಾಗಿ ಮಡಿಸಿಕೊಳ್ಳಬೇಕಾದರೆ ಒಳಗೆ ಹೇಳಿಕೊಳ್ಳುವಂಥ ವಿವರವಿರಲಾರದೆಂಬ ಅನುಮಾನ ಬಂದು 100% ಪ್ರಮಾಣದಲ್ಲಿ ನೋಡಿದಾಗ ಮುಖಗಳು ಮಂಜಿನಲ್ಲಿದ್ದವು. ಅಂದಹಾಗೆ, ಡಿಪಿಐ ಎಂಬ ಅಂಕಿಯನ್ನು ಈ ಪಟ್ಟಿ ತೋರಿಸುವುದೇ ಇಲ್ಲ. ಅದು ಕಡತದ ತಲೆಬರಹದಲ್ಲಿ ಬರೆದಿಟ್ಟ ಒಂದು ಸೂಚನೆ. ಅದನ್ನು 72ರಿಂದ 300ಕ್ಕೆ ತಿದ್ದಿದ ಮಾತ್ರಕ್ಕೆ ಒಂದು ಪಿಕ್ಸೆಲ್ ಕೂಡ ಹುಟ್ಟುವುದಿಲ್ಲ. ಐ ಎಂಬ ಕೀಲಿಯನ್ನೊತ್ತಿದರೆ ತೆರೆಯುವ ವಿವರಪುಟದಲ್ಲಿ ಅದನ್ನು ಕಾಣಬಹುದು.

ಚಿತ್ರದ ದಿನ, ಕಡತದ ದಿನ

ಪಟ್ಟಿಯ ಕೊನೆಯಲ್ಲಿ ದಿನಾಂಕವಿರುತ್ತದೆ. ಶಾಲೆಯ ಚರಿತ್ರೆ ಬರೆಯುವವರನ್ನು ದಾರಿ ತಪ್ಪಿಸುವ ಅಂಕಿಯಿದು. ಧ್ವಜಾರೋಹಣದ ಕಪ್ಪುಬಿಳುಪು ಚಿತ್ರವೊಂದರ ಅಡಿಯಲ್ಲಿ 2019 ಎಂಬ ಇಸವಿಯು ನಮ್ಮ ಕರಡಿನಲ್ಲಿ ಸೇರಿಕೊಂಡಿತ್ತು. ಬರೆದವರು ಪಟ್ಟಿಯನ್ನು ನೋಡಿಯೇ ಬರೆದಿದ್ದರು. ಆದರೆ ಅದು ಕಡತವನ್ನು ಕೊನೆಯ ಬಾರಿ ಬದಲಿಸಿ ಉಳಿಸಿದ ದಿನ. ಚಿತ್ರ ತೆಗೆದ ದಿನವಲ್ಲ. ಡಿಜಿಟಲ್ ಕ್ಯಾಮೆರಾಗಳು ಚಿತ್ರ ತೆಗೆದ ದಿನವನ್ನು ಕಡತದೊಳಗೆ ಬೇರೆಯಾಗಿ ಬರೆದಿಡುತ್ತವೆ. ಕ್ಯಾಮೆರಾದ ಗಡಿಯಾರ ತಪ್ಪಾಗಿದ್ದರೆ ಅದೂ ತಪ್ಪು. ವಾಟ್ಸಾಪ್ ಮೂಲಕ ದಾಟಿ ಬಂದ ಚಿತ್ರದಲ್ಲಿ ಆ ಬರಹವೇ ಉಳಿದಿರುವುದಿಲ್ಲ, ಕಡತದ ಹೆಸರಿನಲ್ಲಿ ಕಾಣುವ ದಿನಾಂಕವೂ ಚಿತ್ರ ಮೊಬೈಲಿಗೆ ಬಂದ ದಿನದ್ದು. ಕಾಗದದ ಚಿತ್ರವನ್ನು ಸ್ಕ್ಯಾನ್ ಮಾಡಿದ್ದರೆ ಸ್ಕ್ಯಾನ್ ಮಾಡಿದ ದಿನ ಮಾತ್ರ ಉಳಿಯುತ್ತದೆ. ಹಳೆಯ ಚಿತ್ರದ ಕಾಲವನ್ನು ಚಿತ್ರದ ಹಿಂಬದಿಯ ಬರಹದಿಂದ, ಸ್ಟುಡಿಯೋದ ಮುದ್ರೆಯಿಂದ, ಇಲ್ಲವೇ ಚಿತ್ರದೊಳಗಿನ ಸಾಕ್ಷ್ಯದಿಂದಲೇ ನಿರ್ಣಯಿಸಬೇಕು.

ನಮ್ಮ ಗುಂಪುಚಿತ್ರದಲ್ಲಿ ಅಂಥ ಸಾಕ್ಷ್ಯವಿತ್ತು: ಮಗುವಿನ ಕೈಯಲ್ಲಿದ್ದ ಸ್ಲೇಟು. ಅದರ ಮೇಲೆ ಕನ್ನಡ ಅಂಕಿಗಳಲ್ಲಿ ಇಸವಿಯನ್ನು ಬರೆದಿದ್ದರು. ಮೊದಲ ಮೂರು ಅಂಕಿಗಳು ೧೯೮ ಎಂದು ತಿಳಿಯುತ್ತಿತ್ತು, ಕೊನೆಯದು ತಿಳಿಯುತ್ತಿರಲಿಲ್ಲ. ೨ ಮತ್ತು ೩ರ ನಡುವಿನ ವ್ಯತ್ಯಾಸ ನಡುವಿನ ಒಂದು ಸಣ್ಣ ಬಾಗು ಮಾತ್ರ. ಆ ಬಾಗಿಗೆ ಈ ಚಿತ್ರದಲ್ಲಿ ಎರಡು ಪಿಕ್ಸೆಲ್ ಕೂಡ ದೊರೆತಿರಲಿಲ್ಲ. 1982 ಎಂದಾದರೆ ಒಂದು ಹಾಜರಿ ಪುಸ್ತಕ, 1983 ಎಂದಾದರೆ ಇನ್ನೊಂದು. ಯಾವ ಹಾಜರಿ ಪುಸ್ತಕವೆಂದು ತಿಳಿಯದೆ ನಲವತ್ತು ಹೆಸರುಗಳಲ್ಲಿ ಒಂದನ್ನೂ ಬರೆಯುವಂತಿರಲಿಲ್ಲ.

ಕೊನೆಗೆ ವಾಸ್ಕೋದ ಆ ಮನೆಗೇ ಹೋದೆವು. ಚೌಕಟ್ಟನ್ನು ಇಳಿಸಿ ನೋಡಿದಾಗ ಚಿತ್ರ ಗಾಜಿಗೆ ಕಚ್ಚಿಕೊಂಡಿತ್ತು. ಬಿಡಿಸಲು ಹೋದರೆ ಮುಖಗಳ ಪದರವೇ ಗಾಜಿಗೆ ಅಂಟಿ ಕಿತ್ತುಬರುತ್ತದೆ. ಇಂಥ ಚಿತ್ರವನ್ನು ಬಿಡಿಸುವ ಸಾಹಸ ಮಾಡಬಾರದು, ಗಾಜಿನೊಡನೆಯೇ ಪ್ರತಿ ತೆಗೆಯಬೇಕು. 12 ಅಂಗುಲದ ಚಿತ್ರ ಸಾಮಾನ್ಯ ಸ್ಕ್ಯಾನರಿನ ಹಾಸಿಗೆಯ ಮೇಲೆ ಹಿಡಿಸುವುದಿಲ್ಲ, ಚೌಕಟ್ಟಂತೂ ಸಾಧ್ಯವೇ ಇಲ್ಲ. ಆದುದರಿಂದ ಅದನ್ನು ಹೊರಗಿನ ಪಡಸಾಲೆಯ ನೆರಳಿನಲ್ಲಿ, ಗಾಜಿನ ಮೇಲೆ ಆಕಾಶದ ಪ್ರತಿಬಿಂಬ ಬೀಳದಂತೆ ಕಪ್ಪು ಬಟ್ಟೆ ಹಿಡಿದು, ಒಳ್ಳೆಯ ಕ್ಯಾಮೆರಾದಲ್ಲಿ ತೆಗೆದೆವು. ಮನೆಯಾಕೆ ಚಹಾ ಕಾಸುವಷ್ಟರಲ್ಲಿ ಚಿತ್ರವನ್ನು ಗಣಕಯಂತ್ರಕ್ಕೆ ಇಳಿಸಿ ಅಲ್ಲಿಯೇ ಪಟ್ಟಿಯನ್ನು ಓದಿದೆವು: 6000 × 4000 × 24. ಸ್ಮೃತಿಯಲ್ಲಿ 68.66 ಎಂಬಿ, ಡಿಸ್ಕಿನಲ್ಲಿ 9 ಎಂಬಿ. ಅಂಚುಗಳನ್ನು ಕತ್ತರಿಸಿದ ಮೇಲೆ ಚಿತ್ರಕ್ಕೆ ಉಳಿದದ್ದು 4800 × 4000. ಎರಡು ಪುಟಗಳ 14 ಅಂಗುಲಕ್ಕೆ ಹರಡಿದರೂ ಅಂಗುಲಕ್ಕೆ 342ಕ್ಕಿಂತ ಕಡಿಮೆಯಿಲ್ಲ. ಪ್ರತಿ ಮುಖಕ್ಕೆ ನೂರು ಪಿಕ್ಸೆಲ್. 100%ಕ್ಕೆ ತಂದು ಸ್ಲೇಟಿನ ಬಳಿಗೆ ಸರಿಸಿದಾಗ ಬಾಗು ಸ್ಪಷ್ಟವಾಗಿ ಕಂಡಿತು. ೧೯೮೩. ಬಳಪದ ಪುಡಿ ಉದುರಿದ ಗುರುತೂ ಕಂಡಿತು. ಮನೆಯಾಕೆ ಚಹಾದ ತಟ್ಟೆಯನ್ನು ಬದಿಗಿಟ್ಟು, ಪರದೆಯ ಮೇಲೆ ಬೆರಳಿಟ್ಟು, ಮೂರನೆಯ ಸಾಲಿನ ಹದಿಮೂರು ಮಕ್ಕಳ ಹೆಸರುಗಳನ್ನು ತಡವರಿಸದೆ ಹೇಳಿದರು. ಆ ಸಾಲಿನಲ್ಲಿ ಎಡದಿಂದ ಐದನೆಯವರು ಅವರೇ.

ಉಳಿದದ್ದು 23/164 ಎಂಬ ಅಂಕಿ. ಚಿತ್ರಗಳ ಕಟ್ಟಿನಲ್ಲಿ ಒಟ್ಟು 164 ಚಿತ್ರಗಳಿದ್ದು ಈಗ ನೋಡುತ್ತಿರುವುದು 23ನೆಯದು ಎಂದು ಇದರ ಅರ್ಥ. ಹೊಸದಾಗಿ ಚಿತ್ರ ಸೇರಿದರೆ ಕ್ರಮಾಂಕ ಬದಲಾಗುತ್ತದೆಯಾದ್ದರಿಂದ ವಹಿಯಲ್ಲಿ ಬರೆದಿಡುವಾಗ ಇದನ್ನು ಚಿತ್ರದ ಗುರುತಾಗಿ ಬಳಸಬಾರದು, ಕಡತದ ಹೆಸರನ್ನೇ ಬರೆಯಬೇಕು. ಆದರೆ ಪ್ರತಿಗಳನ್ನು ಮಾಡುವಾಗ ಒಟ್ಟು ಸಂಖ್ಯೆ ಬಹಳ ಉಪಯೋಗಕ್ಕೆ ಬರುತ್ತದೆ. ಎಲ್ಲ ಚಿತ್ರಗಳನ್ನೂ ಎರಡು ಬೇರೆ ಬೇರೆ ಹಾರ್ಡ್ ಡಿಸ್ಕುಗಳಿಗೆ ಇಳಿಸಿ, ಒಂದನ್ನು ಶಾಲೆಯಲ್ಲಿಯೂ ಇನ್ನೊಂದನ್ನು ಗೋವೆಯ ತೇವದಿಂದ ದೂರವಾಗಿ ಧಾರವಾಡದಲ್ಲಿಯೂ ಇಡಬೇಕೆಂದು ಸಮಿತಿ ತೀರ್ಮಾನಿಸಿತ್ತು. ಇಳಿಸಿದ ಮೇಲೆ ತೆರೆದು ನೋಡಿದರೆ ಎರಡರಲ್ಲಿಯೂ ಪಟ್ಟಿಯು 164 ಎಂದು ತೋರಿಸಿತು, ನಮ್ಮ ವಹಿಯಲ್ಲಿ ಮಾತ್ರ 167 ಚಿತ್ರಗಳಿದ್ದವು. ಒಂದು ಸಂಜೆಯೆಲ್ಲ ಹುಡುಕಿದ ಮೇಲೆ ತಿಳಿಯಿತು: ಉಳಿದ ಮೂರು ಚಿತ್ರಗಳು ಡಿಸ್ಕಿನಲ್ಲಿಯೇ ಇದ್ದವು. ಅವು ಐಫೋನಿನಿಂದ ಬಂದ ಹೈಕ್ ಎಂಬ ರೂಪದವು. ಬೇಕಾದ ಪೂರಕ ತಂತ್ರಾಂಶವನ್ನು ನಾವು ಅಳವಡಿಸಿರದ ಕಾರಣ ವೀಕ್ಷಕವು ಅವನ್ನು ಚಿತ್ರಗಳೆಂದು ಗುರುತಿಸದೆ ಎಣಿಕೆಯಿಂದಲೇ ಬಿಟ್ಟಿತ್ತು. ಅವುಗಳನ್ನು ಜೆಪೆಗ್ ರೂಪಕ್ಕೆ ತಂದು ಮೂಲದ ಜೊತೆಗಿಟ್ಟೆವು. ಈಗ ಎರಡೂ ಡಿಸ್ಕುಗಳಲ್ಲಿ ಪಟ್ಟಿಯು 167 ಎಂದು ತೋರಿಸುತ್ತದೆ.